ನನ್ನ ದನಿಯೂ ಖುರ್ಷಿದಮ್ಮನ ಯಂತ್ರವೂ

ಕೆಲಸ ಬಿಟ್ಟವನು ಬೇರೆ, ಕೆಲಸವಿಲ್ಲದವನು ಬೇರೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಮೊದಲನೆಯವನು ಧೈರ್ಯವಂತ, ಎರಡನೆಯವನು ಪಾಪದವನು. ನಾನು ಮೊದಲನೆಯ ಜಾತಿಗೆ ಸೇರಿದವನು ಎಂದು ಹೇಳಿಕೊಂಡೇ ನಾಲ್ಕು ವರ್ಷ ಕಳೆದೆ. ಶಿಡ್ಲಘಟ್ಟದ ನಮ್ಮ ಬೀದಿಯವರು ಮಾತ್ರ ಈ ಸೂಕ್ಷ್ಮವನ್ನು ಒಂದು ದಿನವೂ ಒಪ್ಪಲಿಲ್ಲ. ಹಗಲು ಹನ್ನೊಂದು ಗಂಟೆಗೆ ಲುಂಗಿಯಲ್ಲಿ ಬಾಗಿಲಿಗೆ ಬರುವ ಗಂಡಸರನ್ನೆಲ್ಲ ಅವರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. "ಮೇಷ್ಟ್ರು ಹೆಂಗೂ ಮನೇಲೇ ಇರ್ತಾರೆ" ಎನ್ನುವುದು ಬೀದಿಯ ಗಾದೆಯಾಗಿಬಿಟ್ಟಿತು. ಎದುರು ಮನೆಯ ಗ್ಯಾಸ್ ಸಿಲಿಂಡರ್ ನಮ್ಮ ಜಗಲಿಯಲ್ಲಿ ಇಳಿಯಿತು. ಮೂಲೆ ಮನೆಯವರ ಕೊರಿಯರ್‌ಗಳಿಗೆ ನಾನು ಸಹಿ ಹಾಕಿದೆ. ಒಂದು ದಿನ ಹಿಂದಿನ ಮನೆಯಾಕೆ, ತಾನು ಸಂತೆಗೆ ಹೋಗಿ ಬರುವವರೆಗೆ ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳ ನೋಡಿಕೊಳ್ಳಲು ಹೇಳಿ ಹೋದರು. ನೋಡಿಕೊಂಡೆ. ವಾಪಸು ಬಂದಾಗ ಅವರು ಹೇಳಿದ ಮಾತು ಇನ್ನೂ ನೆನಪಿದೆ: "ಕಾಗೆ ಓಡಿಸ್ತಿದ್ದಿದ್ದು ಬಸ್ ಸ್ಟ್ಯಾಂಡ್‌ವರೆಗೂ ಕೇಳಿಸ್ತು ಮೇಷ್ಟ್ರೇ. ಒಳ್ಳೆ ಗಂಟಲು." ನನ್ನ ವೃತ್ತಿಯ ಬಗ್ಗೆ ಬೀದಿಯಿಂದ ಬಂದ ಮೊದಲ ಮೆಚ್ಚುಗೆ ಅದು.

ನನ್ನ ವೃತ್ತಿಯೇ ದನಿ. ಬೇರೆಯವರು ಬರೆದದ್ದನ್ನು ಮೈಕಿನ ಮುಂದೆ ಓದುವುದು. ಇದನ್ನು ಯಾರಿಗೂ ಒಂದೇ ಉಸಿರಿನಲ್ಲಿ ವಿವರಿಸಲು ನನಗೆ ಸಾಧ್ಯವಾಗಲಿಲ್ಲ. ಒಮ್ಮೆ ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗ ಎಂಬ ಕಡೆ ಹೆಮ್ಮೆಯಿಂದ 'ದನಿ ಕಲಾವಿದ' ಎಂದು ಬರೆದೆ. ಕೌಂಟರಿನ ಹುಡುಗಿ ಅದನ್ನು ಹಿಂದೆಮುಂದೆ ನೋಡಿ, "ದನ ಸಾಕ್ತೀರಾ ಸಾರ್?" ಎಂದಳು. "ದನ ಅಲ್ಲಮ್ಮ, ದನಿ." "ಹೈನುಗಾರಿಕೆ ಅಂತ ಹಾಕ್ತೀನಿ ಸಾರ್, ಕಂಪ್ಯೂಟರ್‌ನಲ್ಲಿ ಅದೊಂದೇ ಹತ್ರ ಬರೋದು." ಹಿಂದೆ ಸಾಲು ಉದ್ದವಾಗಿತ್ತು. ತಲೆಯಾಡಿಸಿದೆ. ಇವತ್ತಿಗೂ ಆ ಬ್ಯಾಂಕಿನ ದಾಖಲೆಯಲ್ಲಿ ನಾನು ಹಾಲು ಕರೆಯುವವನು.

ಅದಕ್ಕೂ ಮೊದಲು ಹದಿನಾಲ್ಕು ವರ್ಷ ಚಿಕ್ಕಬಳ್ಳಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಸಂಧಿ ಸಮಾಸ. ನನ್ನ ಪಾಠ ಮಕ್ಕಳ ತಲೆಗೆ ಎಷ್ಟು ಹತ್ತಿತೋ ಗೊತ್ತಿಲ್ಲ, ದನಿ ಮಾತ್ರ ಚೆನ್ನಾಗಿ ಹತ್ತುತ್ತಿತ್ತು. ಊಟದ ನಂತರದ ಪೀರಿಯಡ್ಡಿನಲ್ಲಿ ಅರ್ಧ ತರಗತಿ ನೆಮ್ಮದಿಯಾಗಿ ಮಲಗುತ್ತಿತ್ತು. ಒಂದು ಸಲ ಶಾಲಾ ವಾರ್ಷಿಕೋತ್ಸವದಲ್ಲಿ ನಾನು ನಿರೂಪಣೆ ಮಾಡಿದ್ದನ್ನು ಕೇಳಿದ ಅತಿಥಿಯೊಬ್ಬರು, ಬೆಂಗಳೂರಿನಲ್ಲಿ ಒಂದು ಕಂಪನಿ ಕನ್ನಡ ಕಾದಂಬರಿಗಳನ್ನು ಓದಿಸಿ ಫೋನಿನಲ್ಲಿ ಕೇಳುವ ಹಾಗೆ ಮಾಡುತ್ತಿದೆ, ನೀವೊಂದು ಕೈ ನೋಡಿ ಎಂದರು. ನೋಡಿದೆ. ರಜೆಯ ದಿನಗಳಲ್ಲಿ ಒಂದು ಸಣ್ಣ ಕಾದಂಬರಿ ಓದಿ ಕಳಿಸಿದೆ. ಅದನ್ನು ಮುಗಿಸಿದ ಸಂಜೆ ನನಗಾದ ಸುಖವನ್ನು ಹೇಗೆ ಹೇಳಲಿ! ಹದಿನಾಲ್ಕು ವರ್ಷ ಯಾವ ಕಥೆಯನ್ನು ಓದಿದರೂ ಕೊನೆಯಲ್ಲಿ 'ಸಂದರ್ಭ ಸಹಿತ ವಿವರಿಸಿ' ಎಂದು ಮಕ್ಕಳ ಕುತ್ತಿಗೆ ಹಿಡಿಯಬೇಕಿತ್ತು. ಕಥೆಯನ್ನು ಕಥೆಯಾಗಿ ಓದಿ, ಯಾರನ್ನೂ ಏನನ್ನೂ ಕೇಳದೆ ಪುಸ್ತಕ ಮುಚ್ಚಬಹುದು ಎನ್ನುವುದು ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹೊಸದಾಗಿ ಗೊತ್ತಾಯಿತು. ಆ ಸುಖದ ಅಮಲಿನಲ್ಲೇ ರಾಜೀನಾಮೆ ಬರೆದೆ. ಅಮಲಿನಲ್ಲಿ ಬರೆದದ್ದಾದರೂ ಒಂದು ಕಾಗುಣಿತ ದೋಷವಿರಲಿಲ್ಲ.

ನನ್ನ ಹೆಂಡತಿ ವನಜ ಜಂಗಮಕೋಟೆಯಲ್ಲಿ ನರ್ಸು. ಅವಳು "ಒಬ್ಬರ ಸಂಬಳ ಖಾಯಂ ಇದೆಯಲ್ಲ" ಎಂದಷ್ಟೇ ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅದು ಸಮಾಧಾನದ ಮಾತೋ ಚುಚ್ಚುಮಾತೋ ನನಗೆ ತಿಳಿದಿಲ್ಲ. ಚುಚ್ಚುವುದೇ ಅವಳ ಉದ್ಯೋಗವಾದ್ದರಿಂದ ನೋವಾಗದ ಹಾಗೆ ಚುಚ್ಚುತ್ತಾಳೆ. ಗೌರಿಬಿದನೂರಿನ ಕಡೆ ತೊಂಡೇಬಾವಿಯಲ್ಲಿ ಬೇಸಾಯ ಮಾಡುವ ಅವಳ ಅಪ್ಪ ಅಷ್ಟು ನಯದವರಲ್ಲ. "ಬಾಯಿ ಇರೋರೆಲ್ಲ ಮಾತಾಡ್ತಾರಲ್ಲಪ್ಪ, ಅದು ಕೆಲಸ ಹೆಂಗಾಗುತ್ತೆ?" ಎಂದು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು. ನಾನು ಹತ್ತು ನಿಮಿಷ ವಿವರಿಸಿದೆ. ಕೇಳಿಸಿಕೊಂಡು, "ಆಯ್ತು ಬಿಡಿ, ಸ್ಕೂಲ್ನೋರು ಮತ್ತೆ ಕರೆದ್ರೆ ಬೇಡ ಅನ್ಬೇಡಿ" ಎಂದು ರೈಲು ಹತ್ತಿದರು.

ಮನೆಯ ಹಿಂಭಾಗದಲ್ಲಿ ರಾಗಿ ಮೂಟೆ ಇಡುವ ಒಂದು ಕೋಣೆಯಿತ್ತು. ಮೂಟೆಗಳನ್ನು ಅಡುಗೆಮನೆಗೆ ಸಾಗಿಸಿ, ಗೋಡೆಗೆಲ್ಲ ಹಳೆಯ ಹಾಸಿಗೆ, ರಜಾಯಿ ತೂಗುಹಾಕಿ ಅದನ್ನೇ ಸ್ಟುಡಿಯೋ ಮಾಡಿಕೊಂಡೆ. ಫ್ಯಾನ್ ಹಾಕಿದರೆ ಸದ್ದು, ಕಿಟಕಿ ತೆರೆದರೆ ಸದ್ದು. ಏಪ್ರಿಲ್ ತಿಂಗಳಲ್ಲಿ ಬನಿಯನ್ ತೊಟ್ಟು, ತಲೆಯ ಮೇಲೊಂದು ಕಂಬಳಿ ಹೊದ್ದು, ಬೆವರು ಸುರಿಸುತ್ತ ನಾನು ಮಲೆನಾಡಿನ ಚಳಿಯನ್ನು ವರ್ಣಿಸುತ್ತಿದ್ದೆ. ಚಿಂತಾಮಣಿಯಿಂದ ಬಂದು ಒಂದು ವಾರ ನಮ್ಮೊಂದಿಗಿದ್ದ ನನ್ನ ಅಮ್ಮ, ಬಾಗಿಲ ಸಂದಿಯಿಂದ ಈ ದೃಶ್ಯ ನೋಡಿದಳು. ಆ ಹೊತ್ತಿಗೆ ನಾನು ವಿಧವೆಯೊಬ್ಬಳ ಅಳುವನ್ನು ಓದುತ್ತಿದ್ದೆ. ಅಮ್ಮನಿಗೆ ಗಾಬರಿಯಾದರೆ ತೆಲುಗು ಬರುತ್ತದೆ. "ಏಮೈಂದಿರಾ ನೀಕು, ಒಕ್ಕಡಿವೇ ಕೂರ್ಚೊನಿ ಏಡುಸ್ತಾವು?" ಎಂದವಳು, ಒಬ್ಬನೇ ಕೂತು ಅಳುವ ಮಗನಿಗೆ ಸಂಜೆಯೇ ನಿಂಬೆಹಣ್ಣು ನಿವಾಳಿಸಿ ಬೀದಿಯ ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು. ಅಳು ನನ್ನದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಎವರ್ದೈತೇ ಏಮಿ" ಎಂದಳು. ಯಾರದಾದರೇನು, ಮನೆಯೊಳಗೆ ಅಳು ಅಳುವೇ ಎಂದು ಅರ್ಥ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಸ್ಟುಡಿಯೋದ ಆಚೆ ಗೋಡೆಗೆ ಅಂಟಿಕೊಂಡೇ ಖುರ್ಷಿದಮ್ಮನ ಫಿಲೇಚರ್ ಇತ್ತು. ಫಿಲೇಚರ್ ಎಂದರೆ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಜಾಗ. ನಮ್ಮೂರಿನ ಅರ್ಧ ಬೀದಿಗಳಲ್ಲಿ ಇದೆ. ಖುರ್ಷಿದಮ್ಮನದು ಸಣ್ಣದು. ಗಂಡ ತೀರಿಕೊಂಡ ಮೇಲೆ ಆಕೆಯೇ ಮಾರುಕಟ್ಟೆಗೆ ಹೋಗಿ ಗೂಡು ತಂದು, ಲಕ್ಷ್ಮಿದೇವಿ ಎಂಬ ಕೆಲಸದಾಕೆಯ ಜೊತೆ ತಾನೂ ಕೂತು ನಡೆಸುತ್ತಿದ್ದರು. ಬೆಳಗಾಗುತ್ತಲೇ ಮೋಟಾರು ಶುರುವಾದರೆ ಮಧ್ಯಾಹ್ನ ಎರಡರವರೆಗೆ ಗೋಡೆ ಗುಂಯ್‌ಗುಡುತ್ತಿತ್ತು. ಕಂಪನಿಯಲ್ಲಿ ನನ್ನ ಓದನ್ನು ತಿದ್ದುವ ಕೆಲಸ ಸ್ಫೂರ್ತಿ ಎಂಬ ಹುಡುಗಿಯದು. ಮೊದಲ ವಾರವೇ ಫೋನ್ ಮಾಡಿ, "ಸಾರ್, ನಿಮ್ಮ ಬೆನ್ನ ಹಿಂದೆ ಜೇನುಗೂಡೇನಾದ್ರೂ ಇದೆಯಾ?" ಎಂದು ಬಹಳ ಕಾಳಜಿಯಿಂದ ವಿಚಾರಿಸಿದಳು. ಅಂದಿನಿಂದ ನಾನು ಎರಡು ಗಂಟೆಗೆ ಕಾಯುವವನಾದೆ. ಎರಡಕ್ಕೆ ಮೋಟಾರು ನಿಂತರೆ ಐದರವರೆಗೆ ನನ್ನ ಹೊತ್ತು. ಆದರೆ ಕರೆಂಟಿನವರು ನನ್ನನ್ನು ಕೇಳಿ ಕರೆಂಟು ಕೊಡುವುದಿಲ್ಲವಲ್ಲ. ಬೆಳಗ್ಗೆ ಕರೆಂಟು ಹೋದ ದಿನ ಮೋಟಾರು ಮೂರಕ್ಕೆ ಶುರುವಾಗಿ, ನಾನು ಓದುತ್ತಿದ್ದ ಪ್ರೇಮ ನಿವೇದನೆ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಗೆ ಒಂದೇ ಪುಟವನ್ನು ನಾಲ್ಕನೆಯ ದಿನವೂ ಓದಬೇಕಾಗಿ ಬಂದಾಗ ನನ್ನ ತಾಳ್ಮೆ ತಪ್ಪಿತು. ಅಂಗಿ ತೊಟ್ಟೆ. ಕನ್ನಡಿಯ ಮುಂದೆ ನಿಂತು ಹೇಳಬೇಕಾದ ಮಾತನ್ನು ಗಂಭೀರ ದನಿಯಲ್ಲಿ ಒಮ್ಮೆ ಅಭ್ಯಾಸ ಮಾಡಿದೆ. ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ಖುರ್ಷಿದಮ್ಮನ ಕೈ ಮೊಣಕೈವರೆಗೂ ಒದ್ದೆಯಾಗಿತ್ತು. ಬಿಸಿನೀರಿನಲ್ಲಿ ದಿನವಿಡೀ ಇದ್ದು ಬೆರಳ ತುದಿಗಳೆಲ್ಲ ಬಿಳಿಚಿ ಸುಕ್ಕಾಗಿದ್ದವು. "ಬನ್ನಿ ಮೇಷ್ಟ್ರೇ, ಬನ್ನಿ" ಎಂದವರೇ ಸ್ಟೂಲು ಎಳೆದು ಹಾಕಿ, ಚಾ ತರಿಸಿ, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಒಂದು ಮಾತು ಕೇಳ್ಬೇಕಿತ್ತು ನಿಮ್ಮನ್ನ. ಆ ಸುಗುಣ ಗಂಡನ ಮನೆಗೆ ವಾಪಸ್ ಹೋಗ್ತಾಳಾ, ಇಲ್ವಾ?"

ನನಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಸುಗುಣ ಎಂದರೆ ನಾನು ಆಗ ಓದುತ್ತಿದ್ದ ದಪ್ಪ ಕಾದಂಬರಿಯ ನಾಯಕಿ.

"ನಿಮಗೆ ಸುಗುಣ ಹೇಗೆ ಗೊತ್ತು?"

"ಗೋಡೆ ಇದೆಯಲ್ಲ! ಎರಡು ಗಂಟೆಗೆ ಮಿಷನ್ ನಿಲ್ಲಿಸಿ ಊಟಕ್ಕೆ ಕೂತ್ಕೋತೀವಿ, ನೀವು ಶುರು ಮಾಡ್ತೀರ. ನಾನೂ ಲಕ್ಷ್ಮಿದೇವಿನೂ ಗೋಡೆಗೆ ಒರಗಿಕೊಂಡು ಕೇಳ್ತೀವಿ. ನಾನು ಓದಿರೋದು ಉರ್ದು ನಾಲ್ಕನೇ ಕ್ಲಾಸು. ಕನ್ನಡ ಮಾತು ಬರುತ್ತೆ, ಓದಕ್ಕೆ ಬರಲ್ಲ. ಇಷ್ಟು ವರ್ಷಕ್ಕೆ ಒಂದು ಪುಸ್ತಕ ಪೂರ್ತಿ ಕೇಳ್ತಾ ಇರೋದು ಇದೇ." ಆಮೇಲೆ ಸ್ವಲ್ಪ ಸಂಕೋಚದಿಂದ, "ನಾಲ್ಕು ದಿನದಿಂದ ಒಂದೇ ಜಾಗದಲ್ಲಿ ನಿಂತುಬಿಟ್ಟಿದೆ ಕಥೆ. ಯಾಕೆ ಮೇಷ್ಟ್ರೇ, ಹುಷಾರಿಲ್ವಾ?" ಎಂದರು.

ನಿಮ್ಮ ಮಿಷನ್ನಿನಿಂದಲೇ ನಿಂತಿದೆ ಎಂದು ಹೇಳಬೇಕಿತ್ತು. ಅದಕ್ಕೇ ಅಂಗಿ ತೊಟ್ಟು ಹೋಗಿದ್ದೆ. ಹೇಳಲಿಲ್ಲ. ಫೋನಿನಲ್ಲಿ ನನ್ನನ್ನು ಸಾವಿರಾರು ಜನ ಕೇಳುತ್ತಾರೆಂದು ಕಂಪನಿಯವರು ಹೇಳುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿರಲಿಲ್ಲ. ಕಂಡ ಮೊದಲನೆಯ ಮುಖದ ಜೊತೆ ಜಗಳವಾಡುವಷ್ಟು ಗಂಡೆದೆ ಯಾವ ಕಲಾವಿದನಿಗಿದೆ? ಗಂಟಲು ಕೆಟ್ಟಿತ್ತು ಎಂದು ಸುಳ್ಳು ಹೇಳಿ ಚಾ ಕುಡಿದು ಬಂದೆ. ಬರುವಾಗ ಶುಂಠಿ ಕೊಟ್ಟರು.

ಆಮೇಲೆ ನನ್ನ ಓದು ಬದಲಾಯಿತು. ಗೋಡೆಯಾಚೆ ಇಬ್ಬರು ಊಟ ಮಾಡುತ್ತ ಕೂತಿದ್ದಾರೆ ಎಂದು ಗೊತ್ತಾದ ಮೇಲೆ ವರ್ಣನೆ ಬಂದಲ್ಲಿ ಸ್ವಲ್ಪ ಬೇಗ, ಮಾತು ಬಂದಲ್ಲಿ ಸ್ವಲ್ಪ ನಿಧಾನ ಓದತೊಡಗಿದೆ. ಖುರ್ಷಿದಮ್ಮ ಬರೀ ಕೇಳುಗರಲ್ಲ, ಕಟು ವಿಮರ್ಶಕರು. ಎರಡು ಮೂರು ದಿನಕ್ಕೊಮ್ಮೆ ಕಾಂಪೌಂಡಿನ ಹತ್ತಿರ ಸಿಕ್ಕಾಗ ಅಭಿಪ್ರಾಯ ಹೇಳುತ್ತಿದ್ದರು. "ನಿಮ್ಮ ಮುದುಕರೆಲ್ಲ ಒಂದೇ ಥರ ಕೆಮ್ತಾರೆ ಮೇಷ್ಟ್ರೇ." ಸರಿ, ಕೆಮ್ಮು ಬದಲಾಯಿಸಿದೆ. ಒಂದು ದಿನ ಸುಗುಣ ಗಂಡನ ಮೇಲೆ ಸಿಟ್ಟಾಗುವ ಅಧ್ಯಾಯವನ್ನು ನಾನು ಗಂಟಲು ಹರಿಯುವ ಹಾಗೆ ಓದಿದೆ. ಮರುದಿನ ಅವರು ತಲೆಯಾಡಿಸಿದರು. "ಅಷ್ಟು ವರ್ಷ ಸಹಿಸ್ಕೊಂಡ ಹೆಂಗಸು ಹಂಗೆ ಕಿರುಚಲ್ಲ. ಕಿರುಚೋದೆಲ್ಲ ಮದುವೆಯಾದ ಹೊಸದರಲ್ಲಿ. ಆಮೇಲೆ ನಿಧಾನಕ್ಕೆ ಮಾತಾಡ್ತಾಳೆ. ಪಾತ್ರೆ ಒರೆಸ್ಕೊಂಡು ಮಾತಾಡ್ತಾಳೆ." ಹೇಳಿ, ಹಾಗೆ ಒಂದು ಸಾಲು ಆಡಿಯೂ ತೋರಿಸಿದರು. ದನಿ ತಗ್ಗಿತ್ತು, ಪ್ರತಿ ಪದದ ನಡುವೆ ಒಂದು ಪಾತ್ರೆ ಕೆಳಗಿಡುವಷ್ಟು ಅಂತರವಿತ್ತು. ಅಧ್ಯಾಯವನ್ನು ಮತ್ತೆ ಓದಿ ಕಳಿಸಿದೆ. ಸ್ಫೂರ್ತಿ ಫೋನ್ ಮಾಡಿ, "ಸಾರ್, ಆ ಸಿಟ್ಟು! ಆಫೀಸಿನಲ್ಲಿ ಎಲ್ಲರಿಗೂ ಹಾಕಿ ಕೇಳಿಸ್ದೆ. ಎಲ್ಲಿ ಕಲಿತ್ರಿ ಸಾರ್ ಇದನ್ನ?" ಎಂದಳು. ನಾನು ಏನು ಹೇಳಿದೆ ಗೊತ್ತೆ? "ಅನುಭವ ಕಣಮ್ಮ" ಎಂದೆ. ಯಾರ ಅನುಭವ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕಂಪನಿಯಿಂದ ಹೊಸ ಕೆಲಸ ಬಂತು. ಕಾದಂಬರಿಯನ್ನು ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಸ್ವಲ್ಪ ನಿಲ್ಲಿಸಿ, ಅವರು ಕಳಿಸುವ ಬಿಡಿ ವಾಕ್ಯಗಳನ್ನು ಓದಿಕೊಡಬೇಕಂತೆ. ಸುಮ್ಮನೆ ವಾಕ್ಯಗಳು, ಒಂದಕ್ಕೊಂದು ಸಂಬಂಧವಿಲ್ಲ. 'ನಾಳೆ ಮಳೆ ಬರಬಹುದು.' 'ದಯವಿಟ್ಟು ಸಾಲಿನಲ್ಲಿ ನಿಲ್ಲಿ.' 'ಅಜ್ಜಿಯ ಕನ್ನಡಕ ಎಲ್ಲಿ?' ಇವನ್ನೇ ಸಂತೋಷದಲ್ಲಿ ಒಮ್ಮೆ, ದುಃಖದಲ್ಲಿ ಒಮ್ಮೆ, ಸಿಟ್ಟಿನಲ್ಲಿ ಒಮ್ಮೆ. ಜೊತೆಗೆ ಸಣ್ಣ ಅಕ್ಷರದ ಒಂದು ಒಪ್ಪಂದ. ನಾನು ಅದರ ಕೊನೆಯ ಪುಟ ತೆರೆದು ಸಹಿ ಹಾಕಿದೆ. ಬೇರೆಯವರು ಬರೆದದ್ದನ್ನು ಓದುವುದೇ ಕಸುಬಾದವನು, ತನ್ನ ಬಗ್ಗೆ ಬರೆದದ್ದನ್ನು ಓದಲಿಲ್ಲ. ಆರು ವಾರ ಅಜ್ಜಿಯ ಕನ್ನಡಕವನ್ನು ನವರಸಗಳಲ್ಲಿ ಹುಡುಕಿದೆ.

ಗೋಡೆಯಾಚೆ ತಳಮಳವಾಯಿತು. ಮೂರನೆಯ ದಿನವೇ ಖುರ್ಷಿದಮ್ಮ ತಡೆದು ನಿಲ್ಲಿಸಿದರು. "ಈ ಹೊಸ ಕಥೆ ಏನೂ ಅರ್ಥ ಆಗ್ತಿಲ್ಲ ಮೇಷ್ಟ್ರೇ. ಯಾರಾದ್ರೂ ತಲೆ ಕೆಟ್ಟೋನ ಕಥೆನಾ? ಲಕ್ಷ್ಮಿದೇವಿ ಅಂತಾಳೆ, ಅಜ್ಜಿ ಸತ್ತೋಗಿದಾಳೆ, ಅದು ಅವನಿಗೆ ಗೊತ್ತಿಲ್ಲ ಅಂತ."

ಕಥೆಯಲ್ಲ, ಕಂಪನಿಗೆ ಏನೋ ಪ್ರಯೋಗಕ್ಕೆ ಬೇಕಂತೆ ಎಂದು ವಿವರಿಸಿದೆ. ಅವರು, "ನಂಗೇನೋ ನೀವು ಯಾರಿಗೋ ಮಾತು ಕಲಿಸ್ತಾ ಇದ್ದಂಗೆ ಕೇಳಿಸ್ತು. ಗಿಣಿ ಸಾಕಿದೋರು ಕಲಿಸ್ತಾರಲ್ಲ, ಹಂಗೆ" ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ವಾಕ್ಯಗಳು ಮುಗಿದವು. ಕಾದಂಬರಿಯ ಉಳಿದ ಹನ್ನೊಂದು ಅಧ್ಯಾಯ ಯಾವಾಗ ಶುರುಮಾಡಲಿ ಎಂದು ಕೇಳಿದೆ. ಹೇಳ್ತೀವಿ ಎಂದರು. ಒಂದು ತಿಂಗಳಾದರೂ ಹೇಳಲಿಲ್ಲ. ಒಂದು ಭಾನುವಾರ ಬೆಳಗ್ಗೆ ವನಜ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಫೋನು ಹಾಕಿಕೊಂಡಿದ್ದಳು. ನನ್ನ ದನಿ ಕೇಳಿಸಿತು. ಅಪರೂಪಕ್ಕೆ ಹೆಂಡತಿ ನನ್ನನ್ನು ಕೇಳುತ್ತಿದ್ದಾಳೆಂದು ಸಂತೋಷದಿಂದ ಹತ್ತಿರ ಹೋದೆ. ಸುಗುಣ ಯಾವುದೋ ಬಸ್ಸಿನಲ್ಲಿ ಕೂತಿದ್ದಳು. ಆ ಬಸ್ಸನ್ನು ನಾನು ಓದಿರಲಿಲ್ಲ.

"ಇದು ಎಷ್ಟನೇ ಅಧ್ಯಾಯ?"

"ಇಪ್ಪತ್ತಾರು. ಯಾಕೆ? ಪುಸ್ತಕ ಪೂರ್ತಿ ಬಂದಿದೆಯಲ್ಲ."

"ನಾನು ಓದಿರೋದು ಇಪ್ಪತ್ತೆರಡೇ."

ವನಜ ಸೊಪ್ಪು ಕೆಳಗಿಟ್ಟಳು. ಹಿಂದಕ್ಕೆ ಹೋಗಿ ಇಪ್ಪತ್ತೆರಡು ಕೇಳಿದಳು, ಇಪ್ಪತ್ಮೂರು ಕೇಳಿದಳು. ಹದಿನೆಂಟು ವರ್ಷ ನನ್ನ ಗೊರಕೆಯನ್ನೂ ಕೇಳಿದವಳು. "ಇದು ನೀವಲ್ವಾ?" ಎಂದಳು. ಆಮೇಲೆ ತಪ್ಪು ಮಾಡಿದವಳ ಹಾಗೆ, "ಇದ್ರಲ್ಲಿ ಉಸಿರು ಎಳ್ಕೊಳೋದು ಕೇಳ್ಸಲ್ಲ, ಅಷ್ಟೇ ವ್ಯತ್ಯಾಸ" ಎಂದಳು. ನರ್ಸಲ್ಲವೇ, ಮೊದಲು ಉಸಿರನ್ನೇ ನೋಡುತ್ತಾಳೆ. ನಾವಿಬ್ಬರೂ ಗೋಡೆಗೆ ಒರಗಿ ಕೇಳಿದೆವು. ಮೂವತ್ತನೆಯ ಅಧ್ಯಾಯದಲ್ಲಿ ಸುಗುಣ ಕೊನೆಯ ಸಲ ಗಂಡನಿಗೆ ಎದುರಾಗುತ್ತಾಳೆ. ನನ್ನ ಓದಿನಿಂದಲೇ ನನ್ನ ದನಿ ಕಲಿತಿದ್ದ ಕಂಪನಿಯ ಯಂತ್ರ ಕಿರುಚಲಿಲ್ಲ. ದನಿ ತಗ್ಗಿಸಿತು. ಪದಗಳ ನಡುವೆ, ಪಾತ್ರೆ ಕೆಳಗಿಡುವಷ್ಟು ಅಂತರ ಬಿಟ್ಟಿತು. ನನ್ನ ದನಿ ಹೋದದ್ದಕ್ಕಿಂತ ಆ ಅಂತರ ಹೋದದ್ದು ನನಗೆ ಹೆಚ್ಚು ಚುಚ್ಚಿತು. ಅದು ನನ್ನದಾಗಿರಲೇ ಇಲ್ಲ. ಕಳ್ಳನ ಮನೆಗೆ ಕಳ್ಳ ನುಗ್ಗಿದ ಹಾಗಾಗಿತ್ತು. ದೂರು ಯಾರಿಗೆ ಕೊಡುವುದು?

ಸ್ಫೂರ್ತಿಗೆ ಫೋನ್ ಮಾಡಿ ಚೆನ್ನಾಗಿ ಬೈಯಬೇಕೆಂದುಕೊಂಡೆ. ಅವಳು ಎತ್ತಿದವಳೇ, "ನಿಮ್ಮ ದನೀನ ಮಿಷನ್‌ಗೆ ಕಲಿಸಬಹುದು ಅಂತ ಒಪ್ಪಂದದಲ್ಲಿ ಇತ್ತಂತೆ ಸಾರ್. ನಂಗೂ ಗೊತ್ತಿರ್ಲಿಲ್ಲ, ದೇವರಾಣೆ" ಎಂದಳು. ಆಮೇಲೆ, "ಶುಕ್ರವಾರ ನಂದೂ ಲಾಸ್ಟ್ ಡೇ. ತಪ್ಪೇ ಮಾಡದೆ ಓದಿದ್ರೆ ತಿದ್ದೋಕೆ ಏನಿರುತ್ತೆ ಸಾರ್?" ಎಂದಳು. ಬೈಯಲು ಹೋದವನು ಅವಳಿಗೆ ಧೈರ್ಯ ಹೇಳಿ ಫೋನ್ ಇಟ್ಟೆ. ಧೈರ್ಯ ಹೇಳುವಾಗ ನನ್ನ ದನಿ ಬಹಳ ಚೆನ್ನಾಗಿರುತ್ತದೆ.

ಬೇರೆ ಕೆಲಸ ಹುಡುಕಿದೆ. ಚಿಂತಾಮಣಿಯಲ್ಲಿ ತಳ್ಳುಗಾಡಿಯಲ್ಲಿ ಹಳೇ ಸಾಮಾನು ಕೊಳ್ಳುವವರೊಬ್ಬರು ಅಮ್ಮನಿಗೆ ಪರಿಚಯ. ಗಾಡಿಯ ಸ್ಪೀಕರಿಗೆ ಹಾಕಲು ದನಿ ಬೇಕಿತ್ತಂತೆ. ಸಣ್ಣ ಕೆಲಸ, ದೊಡ್ಡ ಕೆಲಸ ಎಂದು ಕಲಾವಿದ ನೋಡಬಾರದು ಎಂದು ನನಗೆ ನಾನೇ ಉಪದೇಶ ಮಾಡಿಕೊಂಡು, ಮೈಕಿನ ಮುಂದೆ ಕೂತು ಮನಸ್ಸಿಟ್ಟು ಓದಿದೆ: 'ಹಳೇ ಕಬ್ಬಿಣ, ಹಳೇ ಪೇಪರ್, ಒಡೆದ ಪ್ಲಾಸ್ಟಿಕ್ ಕೊಡವೇ...' ಅವರು ಎರಡು ಬೀದಿ ಸುತ್ತಿ ವಾಪಸು ಬಂದರು. "ಬೇಜಾರು ಮಾಡ್ಕೋಬೇಡಿ ಸಾರ್. ದನಿಯೇನೋ ಒಳ್ಳೇದೇ. ಆದ್ರೆ ಬಹಳ ದುಃಖ ಇದೆ ಅದ್ರಲ್ಲಿ. ಹೆಂಗಸರು ಹೊರಗೆ ಬಂದು, ಯಾರು ಹೋದ್ರಪ್ಪ ಅಂತ ಕೇಳ್ತಾರೆ." ಕೊನೆಗೆ ತಮ್ಮ ಮಗಳ ಕೈಲಿ ಹೇಳಿಸಿಕೊಂಡರು. ಅವಳು ಒಂದೇ ಸಲಕ್ಕೆ ಹೇಳಿದಳು. ಕೇಳಿದರೆ ನನಗೇ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತಂದು ಹಾಕಬೇಕೆನಿಸುವ ಹಾಗಿತ್ತು.

ಹೀಗೆ ಮಧ್ಯಾಹ್ನ ಎರಡು ಗಂಟೆಗೆ ಮೋಟಾರು ನಿಲ್ಲುತ್ತಿತ್ತು, ಮನೆಯೆಲ್ಲ ನಿಶ್ಶಬ್ದವಾಗುತ್ತಿತ್ತು, ನಾನು ಆ ನಿಶ್ಶಬ್ದವನ್ನು ಏನು ಮಾಡುವುದೆಂದು ತಿಳಿಯದೆ ಮಲಗುತ್ತಿದ್ದೆ. ಹತ್ತು ದಿನ ನೋಡಿ ಖುರ್ಷಿದಮ್ಮನೇ ಬಂದರು. ಲಕ್ಷ್ಮಿದೇವಿಯೂ ಹಿಂದೆ ನಿಂತಿದ್ದಳು. ಏನಾಯಿತೆಂದು ಎಲ್ಲ ಹೇಳಿದೆ. ಯಂತ್ರ ಓದಿದ್ದನ್ನು ಫೋನಿನಲ್ಲಿ ಹಾಕಿ ಕೇಳಿಸಿದೆ. ಅಯ್ಯೋ ಎನ್ನುತ್ತಾರೆ, ಕಂಪನಿಗೆ ಶಾಪ ಹಾಕುತ್ತಾರೆ ಎಂದು ಕಾದೆ. ಅವರು ಬಹಳ ಹೊತ್ತು ಕೇಳಿ ಫೋನು ವಾಪಸು ಕೊಟ್ಟರು.

"ನಮ್ಮ ಮನೇಲಿ ಮೊದ್ಲು ಚರಕ ಇತ್ತು ಮೇಷ್ಟ್ರೇ, ಕೈಯಲ್ಲಿ ತಿರುಗಿಸೋದು. ತಿರುಗಿಸೋಕೇ ಅಂತ ಇಬ್ಬರು ಹೆಂಗಸರಿದ್ರು. ಒಬ್ಬಳು ಈ ಲಕ್ಷ್ಮಿದೇವಿ ತಾಯಿ. ಮೋಟಾರು ತಂದ ದಿನ ನಮ್ಮನೆಯವರು ಅವ್ರಿಗೆ ನಾಳೆಯಿಂದ ಬರ್ಬೇಡಿ ಅಂದ್ರು. ಸೀರೆ ಕೊಟ್ಟು ಕಳಿಸಿದ್ವಿ. ಅವತ್ತು ಬೀದಿಗೆಲ್ಲ ಸಿಹಿ ಹಂಚಿದೀವಿ ನಾವು."

ಲಕ್ಷ್ಮಿದೇವಿ ಸೆರಗಿನ ತುದಿ ಸರಿಮಾಡಿಕೊಂಡಳು. ಆ ಮೋಟಾರನ್ನು ನಾನು ಬೈದುಕೊಂಡಿದ್ದೆಲ್ಲ ನನ್ನ ರೆಕಾರ್ಡಿಂಗ್ ಕೆಡುತ್ತದೆ ಎಂದು. ಅದರ ಸದ್ದಿನೊಳಗೆ ಇನ್ನೇನಿದೆ ಎಂದು ಎಂದೂ ಕಿವಿಗೊಟ್ಟವನಲ್ಲ. ಕಿವಿಯೇ ನನ್ನ ಕಸುಬಿನ ಅರ್ಧ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು.

"ಅದಿರ್ಲಿ" ಎಂದರು ಖುರ್ಷಿದಮ್ಮ. "ಮಿಷನ್ ಓದೋದು ಚೆನ್ನಾಗೇ ಇದೆ. ಆದ್ರೆ ಅದಕ್ಕೆ ನಾವು ಕೇಳ್ತಾ ಇದೀವಿ ಅಂತ ಗೊತ್ತಿಲ್ಲ. ಊಟ ಆಗೋದ್ರೊಳಗೆ ಮುಂದೆ ಮುಂದೆ ಓಡುತ್ತೆ. ನಿಮ್ಮ ಹತ್ರ ಪುಸ್ತಕ ಇದೆಯಲ್ಲ?"

ಇತ್ತು. ಮರುದಿನ ಎರಡು ಗಂಟೆಗೆ ಪುಸ್ತಕ ಹಿಡಿದು ಫಿಲೇಚರಿಗೆ ಹೋದೆ. ಮೈಕಿಲ್ಲ, ಕಂಬಳಿಯಿಲ್ಲ. ಬೆಂದ ಗೂಡಿನ ವಾಸನೆಗೆ ಮೊದಲ ಎರಡು ಪುಟ ಮೂಗು ಮುಚ್ಚಿಕೊಂಡೇ ಓದಿದೆ; ಸುಗುಣಳಿಗೆ ನೆಗಡಿಯಾದ ಹಾಗಿತ್ತು. ದಿನಕ್ಕೊಂದು ಅಧ್ಯಾಯ. ನಡುವೆ ಅವರು ನಿಲ್ಲಿಸುತ್ತಿದ್ದರು, ಸುಗುಣಳ ಅತ್ತೆಯನ್ನು ಬೈಯುತ್ತಿದ್ದರು, ಹಿಂದಿನ ದಿನದ್ದನ್ನು ಮತ್ತೆ ಕೇಳುತ್ತಿದ್ದರು. ಮೂವತ್ತನೆಯ ಅಧ್ಯಾಯದ ಸಿಟ್ಟು ಬಂದಾಗ ನಾನು ಪುಸ್ತಕ ಮುಚ್ಚಿ, ಸ್ಫೂರ್ತಿ ಹೊಗಳಿದ್ದು, ನಾನು ಅನುಭವ ಅಂದದ್ದು, ಅದೀಗ ಯಂತ್ರದ ಪಾಲಾದದ್ದು ಎಲ್ಲ ಒಪ್ಪಿಕೊಂಡೆ. "ಅದು ನಿಮ್ಮ ಸಿಟ್ಟು ಖುರ್ಷಿದಮ್ಮ. ನಾನು ಕದ್ದೆ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಂದೆಲ್ಲಿ ಬಂತು ಮೇಷ್ಟ್ರೇ! ನಮ್ಮತ್ತೆದು ಅದು. ಮೂವತ್ತು ವರ್ಷ ನನ್ನ ಮೇಲೇ ಆಡಿದಾರೆ. ಪಾತ್ರೆ ಒರೆಸ್ಕೊಂಡು."

ಹನ್ನೊಂದನೆಯ ದಿನ ಕಾದಂಬರಿ ಮುಗಿಯಿತು. ಸುಗುಣ ಗಂಡನ ಮನೆಗೂ ಹೋಗುವುದಿಲ್ಲ, ತವರಿಗೂ ಹೋಗುವುದಿಲ್ಲ. ಯಾರೂ ಗುರುತಿಲ್ಲದ ಮೂರನೆಯ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಅದಕ್ಕೊಂದು ಬೀಗ ಕೊಳ್ಳಲು ಪೇಟೆಗೆ ಹೊರಡುತ್ತಾಳೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಓದಿ ಮುಗಿಸಿ ತಲೆಯೆತ್ತಿದರೆ ಲಕ್ಷ್ಮಿದೇವಿ ಅಳುತ್ತಿದ್ದಳು. ನಾಲ್ಕು ವರ್ಷದಲ್ಲಿ ನನ್ನ ಓದಿಗೆ ಅತ್ತವರನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ತೊಟ್ಟಿಯ ನೀರು ಆರಿ ತಣ್ಣಗಾಗಿತ್ತು. ಖುರ್ಷಿದಮ್ಮ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು:

"ನಾಳೆಯಿಂದ ಏನು ಮೇಷ್ಟ್ರೇ?"

ಯಾರೂ ನನ್ನನ್ನು ಅಷ್ಟು ಮೆತ್ತಗೆ ಕೇಳಿರಲಿಲ್ಲ. ಹಳೆಯ ಸ್ಕೂಲಿನಲ್ಲಿ ದಿನಕ್ಕೆರಡು ಪೀರಿಯಡ್ಡು ತಾತ್ಕಾಲಿಕವಾಗಿ ಕೊಡುತ್ತೇವೆಂದಿದ್ದಾರೆ, ಈಗಿನ ಹೆಡ್‌ಮಾಸ್ಟರು ನನಗಿಂತ ಹತ್ತು ವರ್ಷ ಚಿಕ್ಕವನು, ಅವನ ಮುಂದೆ ಹಾಜರಿ ಹಾಕುವುದು ಹೇಗೆ ಎಂದೆ. ಮಾವನವರ ಮಾತೇ ನಿಜವಾಯಿತಲ್ಲ ಎಂದೆ. ಒಂದು ಕೆಲಸವನ್ನು ಪ್ರೀತಿಸಿ ಮಾಡಿದವನಿಗೆ ಅದು ಹೋದ ಮೇಲೆ ತಾನು ಯಾರೆಂದೇ ತಿಳಿಯುವುದಿಲ್ಲ, ಬೆಳಗ್ಗೆ ಎದ್ದು ಯಾವ ದನಿಯಲ್ಲಿ ಮಾತಾಡಲಿ ಎಂದು ಹೊಳೆಯುವುದಿಲ್ಲ, ವನಜ ಏನೂ ಅನ್ನುವುದಿಲ್ಲ, ಅನ್ನದೇ ಇರುವುದೇ ಕಷ್ಟ ಎಂದೆಲ್ಲ ಎದೆ ಬಿಚ್ಚಿ ಹೇಳಿಕೊಂಡ ಮೇಲೆ ಮನಸ್ಸು ಎಷ್ಟೋ ಹಗುರಾಯಿತು. ಖುರ್ಷಿದಮ್ಮ ಒಂದು ಸಲವೂ ನಡುವೆ ಬಾಯಿ ಹಾಕದೆ, ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಲಕ್ಷ್ಮಿದೇವಿಯ ಮುಖ ನೋಡಿದರು. ಅವಳು ಇವರ ಮುಖ ನೋಡಿದಳು.

"ಪಾಪ, ಎಲ್ಲ ಸರಿಹೋಗುತ್ತೆ ಬಿಡಿ ಮೇಷ್ಟ್ರೇ" ಎಂದರು ಖುರ್ಷಿದಮ್ಮ. "ನಾನು ಕೇಳಿದ್ದು ಅದಲ್ಲ. ನಾಳೆಯಿಂದ ಯಾವ ಕಥೆ ಅಂತ ಕೇಳ್ದೆ."

ಹದಿನಾಲ್ಕು ವರ್ಷ ಪರೀಕ್ಷೆಯ ಕೋಣೆಯಲ್ಲಿ ನಿಂತು, 'ಪ್ರಶ್ನೆ ಏನು ಅಂತ ಸರಿಯಾಗಿ ನೋಡ್ಕೊಂಡು ಆಮೇಲೆ ಉತ್ತರ ಬರೀರಪ್ಪ' ಎಂದು ಮಕ್ಕಳಿಗೆ ಹೇಳಿದ ಮನುಷ್ಯ ನಾನು. ಯಾರೂ ಕೇಳದ ಪ್ರಶ್ನೆಗೆ ಕಾಲು ಗಂಟೆ ಉತ್ತರ ಕೊಟ್ಟಿದ್ದೆ.